‘ಹೂಂ’ ಅನ್ನುವ ರೋಗಿಗಳು ಮತ್ತು ನನ್ನ ಹರಕು ಸ್ಪ್ಯಾನಿಷ್

ನನ್ನ ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಈಚೆಗೆ ಅವಳೂ ಅವಳ ಗೆಳತಿಯರೂ ಸಂಜೆ ಹೊತ್ತು ನಮ್ಮ ಹಾಲ್‌ನಲ್ಲಿ ಕುಳಿತು ಜರ್ಮನ್ ಕಲಿಯುತ್ತಾರೆ. “ನಿಮಗೆ ನೋವಿದೆಯೇ? ಚೆನ್ನಾಗಿ ನಿದ್ದೆ ಬಂತೇ? ಊಟ ಮಾಡಿದಿರಾ?” ಎಂದು ಫೋನು ಆ ಭಾಷೆಯಲ್ಲಿ ಹೇಳಿಕೊಡುತ್ತದೆ. ಇವರು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಾರೆ. ಮೊನ್ನೆ ಅರ್ಥ ಏನೆಂದು ಕೇಳಿ ತಿಳಿದುಕೊಂಡ ಮೇಲೆ ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

“ಈ ಪ್ರಶ್ನೆಗಳೆಲ್ಲ ದಂಡ ಕಣ್ರೇ. ಎಲ್ಲದಕ್ಕೂ ಹೂಂ ಅಂತಾರೆ, ನಿಮಗೇನೂ ಗೊತ್ತಾಗಲ್ಲ.”

“ಅಜ್ಜಿ, ನಿಮಗೆ ಯಾವ ಫಾರಿನ್ ಭಾಷೆ ಬರುತ್ತೆ?” ಎಂದಳು ಒಬ್ಬಳು, ನಗು ತಡೆದುಕೊಂಡು.

“ಸ್ಪ್ಯಾನಿಷ್. ಬೈಯೋಷ್ಟು ಬರುತ್ತೆ.”

ಎಲ್ಲರೂ ಒಟ್ಟಿಗೆ ಕಿರುಚಿದರು. ಮೊಮ್ಮಗಳು ತನ್ನ ಹಳೆಯ ಫೋನನ್ನು ನನ್ನ ಮಡಿಲಿಗೆ ಹಾಕಿ, “ಸುಮ್ನೆ ಬಿಡ್ತೀನಿ ಅಂತ ಅನ್ಕೋಬೇಡ. ಎಲ್ಲಾ ಬರಿ. ಟೈಪ್ ಮಾಡೋದು ಕಲಿಸ್ತೀನಿ” ಎಂದಳು. ಕಲಿಸಿದಳು. ಒಂದು ಬೆರಳಿನಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಸಂಬಳ, ಬೀಳ್ಕೊಡುಗೆಯ ಶಾಲು, ಇವನ್ನೆಲ್ಲ ಬಿಟ್ಟಿದ್ದೇನೆ. ಕೊನೆಗೆ ಮೇಟ್ರನ್ ಆದೆ, ಕುರ್ಚಿಗೊಂದು ದಿಂಬು ಬಂತು, ಅಷ್ಟೇ.

ನಾನು ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಮೊದಲಿಗೆ. ಆಗ ಜಯನಗರ ಅರ್ಧ ಊರು, ಅರ್ಧ ಸೈಟು. ರಸ್ತೆಗೆ ಜಲ್ಲಿ ಬಿದ್ದಿತ್ತು, ಟಾರು ಬಿದ್ದಿರಲಿಲ್ಲ. ನಮ್ಮ ಆಸ್ಪತ್ರೆ ಬಡಾವಣೆಯ ಕಟ್ಟಕಡೆಯಲ್ಲಿತ್ತು, ಅದರ ಕಾಂಪೌಂಡಿನಾಚೆ ರಾಗಿ ಹೊಲ. ಸ್ಪೇನ್ ದೇಶದ ಕ್ರೈಸ್ತ ಸನ್ಯಾಸಿನಿಯರು, ನಮ್ಮ ಬಾಯಲ್ಲಿ ಸಿಸ್ಟರುಗಳು, ನಡೆಸುತ್ತಿದ್ದ ಹೆಂಗಸರ ಆಸ್ಪತ್ರೆ ಅದು. ಬಸವನಗುಡಿ ಕಡೆಯ ಮನೆತನದವರು ಜಟಕಾದಲ್ಲಿ ಬರುತ್ತಿದ್ದರು; ಕೋಣನಕುಂಟೆ, ಇಟ್ಟಮಡು, ತಲಘಟ್ಟಪುರದವರು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿಕೊಂಡು ಬರುತ್ತಿದ್ದರು. ನಾನು ಬಸವನಗುಡಿಯ ಹುಡುಗಿ, ಹೆಸರು ವಿಶಾಲಾಕ್ಷಿ. ಆಸ್ಪತ್ರೆಯಲ್ಲಿ ಎಲ್ಲರಿಗೂ ವಿಶಾಲು.

ನಮಗೆ ಇಬ್ಬರು ಮೇಲಿನವರು; ಆಸ್ಪತ್ರೆಯಲ್ಲಿ ಸ್ಪೇನಿನವರೆಂದರೆ ಅವರಿಬ್ಬರೇ. ಇಬ್ಬರಿಗೂ ಕನ್ನಡ ಬರುತ್ತಿತ್ತು, ಆದರೆ ಇಬ್ಬರದೂ ಒಂದೇ ಕನ್ನಡ ಅಲ್ಲ.

ಒಬ್ಬರು ಡಾಕ್ಟರ್ ಸಿಸ್ಟರ್ ಪಿಲಾರ್. ಹಳ್ಳಿಯ ಹೆಂಗಸರ ಬಾಯಲ್ಲಿ ಅವರು ಪಿಳ್ಳಾರಮ್ಮ. ಅವರು ಕನ್ನಡ ಕಲಿತದ್ದು ನಮ್ಮ ವಾರ್ಡಿನ ಆಯಾ, ಕೋಣನಕುಂಟೆಯ ಮುನಿಯಮ್ಮನಿಂದ. ಹಾಗಾಗಿ ಆರಡಿ ಎತ್ತರದ ಬಿಳಿ ಹೆಂಗಸು ಬಾಯಿ ಬಿಟ್ಟರೆ ಅಪ್ಪಟ ಕೋಣನಕುಂಟೆ. ಒಮ್ಮೆ ಬಸವನಗುಡಿಯಿಂದ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ಬಂದರು. ಒಂಬತ್ತು ಗಜದ ಸೀರೆ, ವಜ್ರದ ಮೂಗುಬೊಟ್ಟು. ಡಾಕ್ಟರು ಅವರ ಹೊಟ್ಟೆಯ ಮೇಲೆ ಕೈಯಿಟ್ಟು, “ಏನಮ್ಮಿ, ಎಲ್ ನೋಯ್ತದೆ? ಬಾಯ್ ಬುಟ್ ಯೋಳು!” ಎಂದುಬಿಟ್ಟರು. ಆಕೆ ನನ್ನ ಕಡೆ ತಿರುಗಿ, “ಇವರಿಗೆ ಇಂಗ್ಲಿಷ್ ಬರೋದಿಲ್ವೇನಮ್ಮ?” ಎಂದರು. ಬರುತ್ತಿತ್ತು. ಆದರೆ ಕನ್ನಡದ ಮೇಲೆ ಡಾಕ್ಟರಿಗೆ ಬಹಳ ಅಭಿಮಾನ.

ಇನ್ನೊಬ್ಬರು ವಾರ್ಡಿನ ಸಿಸ್ಟರ್ ಕಾರ್ಮೆನ್. ವಯಸ್ಸಾಗಿತ್ತು, ಗಿಡ್ಡ ಆಳು, ಚೂಪು ಮೂಗು. ಅವರು ಕನ್ನಡವನ್ನು ವ್ಯಾಕರಣದ ಪುಸ್ತಕದಿಂದ ಕಲಿತಿದ್ದರು. “ದಯವಿಟ್ಟು ತಮ್ಮ ಬಾಯಿಯನ್ನು ತೆರೆಯಿರಿ” ಎಂದರೆ ಹಳ್ಳಿಯ ಬಾಣಂತಿ ತಿರುಗಿ ಮುನಿಯಮ್ಮನ ಮುಖ ನೋಡುವಳು. ಮುನಿಯಮ್ಮ, “ಬಾಯ್ ಆಕಳ್ಸವ್ವ ಅಂತವ್ರೆ” ಎಂದು ಕನ್ನಡದಿಂದ ಕನ್ನಡಕ್ಕೆ ಹೇಳುವಳು. ಹಾಸಿಗೆಯ ಮೂಲೆ ಮಡಿಸುವುದು, ಗಾಜಿನ ಸಿರಿಂಜು ಕುದಿಸುವುದು, ರೋಗಿಯ ಬೆನ್ನು ನೋಡದೆ ಡ್ಯೂಟಿ ಮುಗಿಸಬಾರದು ಎನ್ನುವುದು, ಎಲ್ಲವನ್ನೂ ನನಗೆ ಕಲಿಸಿದವರು ಅವರು. ಮೂಲೆ ಸರಿಯಿಲ್ಲದಿದ್ದರೆ ಹೊದಿಕೆ ಕಿತ್ತೆಸೆದು, “ಪುನಃ” ಎನ್ನುವರು. ಆ ಒಂದು ಶಬ್ದಕ್ಕೆ ನಾವು ನಡುಗುತ್ತಿದ್ದೆವು.

ಈಗ ಇಟ್ಟಮಡುವಿನ ಪುಟ್ಟಗೌರಮ್ಮನ ವಿಷಯ. ಮೊಮ್ಮಗಳೇ, ನಿನ್ನ ಜರ್ಮನ್ ಪ್ರಶ್ನೆಗಳು ಯಾಕೆ ದಂಡ ಅನ್ನುವುದು ಇಲ್ಲಿದೆ.

ಆಗ ಆಪರೇಷನ್ನಿಗೆ ಈಥರ್ ಮೂಸಿಸಿ ಎಚ್ಚರ ತಪ್ಪಿಸುತ್ತಿದ್ದರು. ಹೊಟ್ಟೆಯಲ್ಲಿ ಅನ್ನವಿದ್ದರೆ ವಾಂತಿಯಾಗಿ ಅದು ಉಸಿರಿಗೆ ಸಿಕ್ಕಿ ಪ್ರಾಣಕ್ಕೇ ಬರಬಹುದು. ಅದಕ್ಕೆ ಡಾಕ್ಟರು ಥಿಯೇಟರಿನ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ ತಾವೇ ಕೇಳುತ್ತಿದ್ದರು. ಪುಟ್ಟಗೌರಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ. ಸ್ಟ್ರೆಚರಿನ ಮೇಲೆ ತಂದೆವು.

“ಊಟ ಆಯ್ತೇನವ್ವ?” ಎಂದರು ಡಾಕ್ಟರು.

“ಆಯ್ತು ಕಣವ್ವ. ನಿಮ್ದಾಯ್ತಾ?” ಎಂದಳು ಪುಟ್ಟಗೌರಮ್ಮ.

ಡಾಕ್ಟರು ಕೆಂಡವಾದರು. ಸ್ಟ್ರೆಚರ್ ವಾಪಸ್ಸು ವಾರ್ಡಿಗೆ. ಮುಂದಿನ ಆಪರೇಷನ್ ದಿನವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ವಾಪಸ್ಸು. ಊಟ ತಂದುಕೊಟ್ಟವರು ಯಾರು ಎಂದು ನಮ್ಮೆಲ್ಲರಿಗೂ ವಿಚಾರಣೆ. ಕೊನೆಗೆ ನಾನು ಮಂಚದ ಪಕ್ಕ ಕುಳಿತು, “ಏನ್ ತಿಂದ್ರಿ ಪುಟ್ಟಗೌರಮ್ಮ?” ಎಂದು ಕೇಳಿದೆ.

“ಏನೂ ತಿಂದಿಲ್ಲ ಕಣ್ ಮಗ. ನೆನ್ನೆಯಿಂದ ಒಟ್ಟೆ ಚುರುಗುಟ್ತಾ ಅದೆ.”

“ಮತ್ತೆ ಆಯ್ತು ಅಂದ್ರಲ್ಲ?”

“ಅಯ್, ಆಯಮ್ಮ ಬಾಗಿಲಲ್ ನಿಂತ್ಕಂಡು ಊಟ ಆಯ್ತಾ ಅಂತ ಕೇಳ್ತವ್ರೆ. ಇಲ್ಲ ಅಂದ್ರೆ ಪಾಪ, ಒಲೆ ಅಚ್ಚಕ್ ಓಗಲ್ವಾ? ಅಷ್ಟೊಂದ್ ಕೆಲ್ಸ ಇಟ್ಕಂಡವ್ರೆ.”

ನಮ್ಮ ಕಡೆ ಯಾರಾದರೂ ಊಟ ಆಯ್ತಾ ಎಂದರೆ ಆಯ್ತು ಅನ್ನಬೇಕು. ಅದು ಹೊಟ್ಟೆಯ ವಿಷಯ ಅಲ್ಲ, ಮರ್ಯಾದೆಯ ವಿಷಯ. ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಿದಾಗ ಅವರು ಮೊದಲು ತಲೆ ಮೇಲೆ ಕೈಹೊತ್ತರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತಿನಿಂದ ನಮ್ಮ ಪದ್ಧತಿ ಬದಲಾಯಿತು. ಹೂಂ ಅಂದು ತಪ್ಪಿಸಿಕೊಳ್ಳಬಹುದಾದ ಪ್ರಶ್ನೆಯನ್ನು ವಾರ್ಡಿನಲ್ಲಿ ಯಾರೂ ಕೇಳಕೂಡದು. “ಬೆಳಿಗ್ಗೆಯಿಂದ ಬಾಯಿಗೆ ಏನೇನ್ ಹಾಕ್ಕೊಂಡ್ರಿ?” ಎನ್ನಬೇಕು. “ನೋವಿದೆಯಾ?” ಅಲ್ಲ, “ಎಲ್ಲಿ ನೋವು, ತೋರಿಸಿ.” ಪುಟ್ಟಗೌರಮ್ಮನಿಗೆ ಆಪರೇಷನ್ ಆಯಿತು. ಹೋಗುವಾಗ ಡಾಕ್ಟರಿಗೆ ಒಂದು ಕುಂಬಳಕಾಯಿ ಕೊಟ್ಟು, “ಸರ್ಯಾಗ್ ಉಣ್ಣವ್ವ, ಬಡವಾಗಿದ್ದೀಯ” ಎಂದು ಬುದ್ಧಿ ಹೇಳಿ ಹೋದಳು.

ಇನ್ನು ಸ್ಪ್ಯಾನಿಷಿಗೆ ಬರುತ್ತೇನೆ.

ಒಂದು ಬೆಳಿಗ್ಗೆ ಸಿಸ್ಟರ್ ಕಾರ್ಮೆನ್ ಬಟ್ಟೆ ಬೀರುವಿನ ಮುಂದೆ, ಮಡಿಸಿದ ಬೆಡ್‌ಶೀಟುಗಳನ್ನು ಎದೆಗೆ ಒತ್ತಿಕೊಂಡಿದ್ದ ಹಾಗೇ ಕುಸಿದರು. ಲಕ್ವ. ಬಲಗೈ, ಬಲಗಾಲು ಬಿದ್ದುಹೋದವು. ಜೀವ ಉಳಿಯಿತು. ಸ್ವಲ್ಪ ದಿನದ ಮೇಲೆ ಮಾತೂ ಬಂತು, ಆದರೆ ಬಂದದ್ದು ಸ್ಪ್ಯಾನಿಷ್ ಮಾತ್ರ. ಇಂಗ್ಲಿಷ್ ಹೋಗಿತ್ತು, ವ್ಯಾಕರಣದ ಕನ್ನಡವೂ ಹೋಗಿತ್ತು. ನಾವು ಮಾತಾಡಿದರೆ ದೂರದ ರೇಡಿಯೋ ಕೇಳುವವರ ಹಾಗೆ ಮುಖ ಗಂಟಿಕ್ಕುವರು.

“ಚಿಕ್ಕೋಳಿದ್ದಾಗ ಕಲ್ತಿದ್ದು ಗಟ್ಟಿಯಾಗ್ ಉಳ್ಕತದೆ ವಿಶಾಲು. ಆಮೇಲ್ ಕಲ್ತಿದ್ದು ಮೊದ್ಲು ಓಗ್ತದೆ,” ಎಂದರು ಡಾಕ್ಟರು.

ಕಷ್ಟ ಏನೆಂದರೆ, ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ಬರುತ್ತಿದ್ದದ್ದು ಈಗ ಡಾಕ್ಟರಿಗೆ ಒಬ್ಬರಿಗೇ. ಅವರು ಬೆಳಗಿನಿಂದ ಸಂಜೆಯವರೆಗೆ ಥಿಯೇಟರಿನಲ್ಲಿ. ಕಾರ್ಮೆನ್ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ತುಟಿ ಬಿಗಿದರು, ಇಳಿದುಹೋದರು. ಬೊಂಬಾಯಿಯಲ್ಲಿ ಅವರ ಪಂಗಡದ ದೊಡ್ಡ ಮನೆಯಿತ್ತು, ಅಲ್ಲಿ ಸ್ಪೇನಿನ ಸಿಸ್ಟರುಗಳು ಬೇಕಾದಷ್ಟು ಜನ. ಅಲ್ಲಿನ ಮುಖ್ಯಸ್ಥೆ, ಎಲ್ಲರೂ ಮದರ್ ಎನ್ನುತ್ತಿದ್ದವರು, ಬೇಸಿಗೆಯ ಹೊತ್ತಿಗೆ ಇಲ್ಲಿಗೆ ಬರುತ್ತಾರೆ, ಮಾತಾಡುವವರಿಲ್ಲದ ಕಡೆ ರೋಗಿಯನ್ನು ಬಿಡಲಾಗದು ಎಂದು ಕಾರ್ಮೆನ್‌ರನ್ನು ಕರೆದುಕೊಂಡು ಹೋಗುತ್ತಾರೆ ಎಂದು ತಿಳಿಯಿತು.

“ಆ ರೈಲು ಪ್ರಯಾಣ ಅವ್ರ್ ತಡ್ಕಳಲ್ಲ,” ಎಂದರು ಡಾಕ್ಟರು. “ಓದ್ರೂ ಅಲ್ಲಿ ಬದ್ಕಲ್ಲ. ನೀನ್ ಕಲ್ತ್ಕೊ. ಅವ್ರ ಜೊತೆ ಮಾತಾಡೋರು ಇಲ್ಲೇ ಒಬ್ರವ್ರೆ ಅಂತ ನಾನ್ ಮದರ್‌ಗೆ ಯೋಳ್ಬೇಕು.”

“ನಾನಾ? ನನ್ನ ಇಂಗ್ಲಿಷೇ ಸರಿ ಇಲ್ಲ, ಡಾಕ್ಟರ್.”

“ಒಳ್ಳೇದಾಯ್ತು. ಅಡ್ಡ ಬರಲ್ಲ.”

ಪಾಠ ನಡೆಯುತ್ತಿದ್ದದ್ದು ಥಿಯೇಟರಿನ ನಲ್ಲಿಯ ಹತ್ತಿರ. ಆಪರೇಷನ್ನಿಗೆ ಮುಂಚೆ ಸರ್ಜನ್ ಬ್ರಶ್ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆಯಬೇಕಲ್ಲ, ಅವರಿಗೆ ಪುರಸೊತ್ತು ಅದೊಂದೇ. ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಒಂದು ಆಪರೇಷನ್ನಿಗೆ ಒಂದು ವಾಕ್ಯ. ‘ಆಬ್ರಾ ಲಾ ಬೋಕಾ’ ಎಂದರೆ ಬಾಯಿ ತೆರೆಯಿರಿ. ‘ದೆಸ್ಪಾಸಿಯೊ’ ಎಂದರೆ ನಿಧಾನ. ಆಪರೇಷನ್ ಜಾಸ್ತಿಯಿದ್ದ ದಿನ ನನ್ನ ಭಾಷೆ ಬೆಳೆಯುತ್ತಿತ್ತು. ಊರಿನವರೆಲ್ಲ ಆರೋಗ್ಯವಾಗಿದ್ದರೆ ನಾನು ದಡ್ಡಿ.

ಮನೆಯಲ್ಲಿ ರುಬ್ಬುವ ಕಲ್ಲಿನ ಮುಂದೆ ಕುಳಿತು ಬಾಯಿಪಾಠ ಮಾಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಕೇಳಿ, “ಇದ್ಯಾವ ಮಂತ್ರವೇ? ನಿನ್ನೇನಾದ್ರೂ ಅವರ ಜಾತಿಗೆ ಸೇರಿಸ್ಕೊಂಡ್ರಾ?” ಎಂದರು.

“ಬಾಯಿ ತೆಗಿ ಅನ್ನೋಕೆ ಹೀಗಂತಾರಮ್ಮ.”

“ನಿನಗೆ ಬಾಯಿ ಮುಚ್ಚು ಅನ್ನೋಕೆ ಏನಂತಾರೆ, ಅದನ್ನ ಮೊದಲು ಕಲಿತ್ಕೊಂಡ್ ಬಾ.”

ನನ್ನ ಮೊದಲ ದೊಡ್ಡ ಎಡವಟ್ಟು ಆ ದಿನಗಳಲ್ಲೇ ಆಯಿತು. ಗಂಜಿ ಕುಡಿಸುವುದು ಹೇಗೋ ಶುರುವಾಗಿತ್ತು. ಬಲಭಾಗ ಬಿದ್ದವರಿಗೆ ಎಡಗಡೆಯಿಂದ ಚಮಚ ಕೊಡಬೇಕು, ಪ್ರತಿ ಸಲವೂ ಬಲಗೆನ್ನೆಯೊಳಗೆ ಅನ್ನ ಸಿಕ್ಕಿಕೊಂಡಿದೆಯಾ ಎಂದು ಬೆರಳು ಹಾಕಿ ನೋಡಬೇಕು. ಬೆಳಿಗ್ಗೆ, ಮಧ್ಯಾಹ್ನ ನನ್ನ ಕೈಯಲ್ಲಿ ಕುಡಿಯುವರು. ಸಂಜೆ ನನ್ನ ಡ್ಯೂಟಿ ಮುಗಿದು ಮುನಿಯಮ್ಮ ಕುಡಿಸಲು ಕುಳಿತರೆ ಹಲ್ಲು ಕಚ್ಚಿ ಬಾಗಿಲನ್ನೇ ನೋಡುವರು. ದಿನವೂ ಅದೇ ಕಥೆ. ಮುನಿಯಮ್ಮ ರಾಗಿ ಅಂಬಲಿ ತಂದಳು, ಸಕ್ಕರೆ ಹಾಕಿದಳು, ಕೊನೆಗೆ ತಾನೇ ಅಳತೊಡಗಿದಳು. ಸಂಜೆ ಹೊತ್ತಿಗೆ ನುಂಗುವ ಶಕ್ತಿ ಕುಂದುತ್ತಿದೆ, ಮೂಗಿನಿಂದ ನಳಿಕೆ ಹಾಕಬೇಕಾಗಬಹುದು ಎಂದು ಡಾಕ್ಟರು ಯೋಚಿಸುತ್ತಿದ್ದರು. ಹಾಗೇನಾದರೂ ಆದರೆ ಬೊಂಬಾಯಿಯೇ ಗತಿ.

ಒಂದು ಸಂಜೆ ಗೇಟಿನವರೆಗೆ ಹೋದವಳು ಕೊಡೆ ಮರೆತೆನೆಂದು ವಾಪಸ್ಸು ಬಂದೆ. ನನ್ನನ್ನು ಕಂಡದ್ದೇ ತಡ, ಕಾರ್ಮೆನ್ ಮರಿ ಹಕ್ಕಿಯ ಹಾಗೆ ಬಾಯಿ ತೆರೆದರು. ಮುನಿಯಮ್ಮ ಚಮಚ ನನ್ನ ಕೈಗೆ ಕೊಟ್ಟಳು. ಬಟ್ಟಲು ಖಾಲಿಯಾಯಿತು.

“ಇಷ್ಟು ಹೊತ್ತು ಯಾಕೆ ಕುಡಿಯಲಿಲ್ಲ?” ಎಂದು ನನ್ನ ಹರಕು ಸ್ಪ್ಯಾನಿಷಿನಲ್ಲಿ ಕೇಳಿದೆ.

ಅವರು ಸಿಟ್ಟಿನಿಂದ ಹೇಳಿದರು: “ನೀನೇ ಹೇಳಿದ್ಯಲ್ಲ, ವಾಪಸ್ ಬರ್ತೀನಿ ಅಂತ. ದಿನಾ ಹೇಳ್ತೀಯ. ದಿನಾ ಕಾಯ್ತೀನಿ. ಬರೋದೇ ಇಲ್ಲ.”

ಈಗ ಅರ್ಥವಾಯಿತು. ಮನೆ ಬಿಡುವಾಗ ನಾವು ಹೋಗ್ತೀನಿ ಅನ್ನುವುದಿಲ್ಲ. ಅದೂ ಕಾಯಿಲೆಯವರ ಮುಂದೆ, ದೀಪ ಹಚ್ಚುವ ಹೊತ್ತಲ್ಲಿ ಅನ್ನುವುದೇ ಇಲ್ಲ. ನಾನು ನಲ್ಲಿಯ ಹತ್ತಿರ ಡಾಕ್ಟರನ್ನು, ‘ಮತ್ತೆ ಬರ್ತೀನಿ’ ಅನ್ನೋಕೆ ಏನು ಎಂದು ಕೇಳಿ, ಅವರು ಕೊಟ್ಟ ಮಾತನ್ನು ದಿನವೂ ಬಾಗಿಲಲ್ಲಿ ನಿಂತು ಕೈಬೀಸಿ ಹೇಳಿ ಹೋಗುತ್ತಿದ್ದೆ. ಪಾಪ, ಆ ಮುದುಕಿ ಅದನ್ನು ಅಕ್ಷರಶಃ ನಂಬಿ, ನಾನು ಬರಲಿ ಎಂದು ಹಸಿದುಕೊಂಡು ಕಾಯುತ್ತಿದ್ದರು.

ಮರುದಿನ ಡಾಕ್ಟರಿಗೆ ಹೇಳಿದೆ. ಅವರು ಕೈ ತಿಕ್ಕುತ್ತಲೇ, “ಅಯ್ಯೋ ನಿನ್! ಅದಕ್ಕೆ ಆದಿಯೋಸ್ ಅನ್ಬೇಕು” ಎಂದರು.

“ಹಾಗಂದ್ರೆ?”

“ದೇವ್ರಿಗ್ ಒಪ್ಪಿಸ್ದೆ ಅಂತ.”

“ಛೀ! ಲಕ್ವ ಹೊಡೆದೋರ ಮುಂದೆ ನಿಂತು, ಸಂಜೆ ಹೊತ್ತು, ದೇವರಿಗೆ ಒಪ್ಪಿಸಿದೆ ಅಂತ ಹೇಳಲಾ? ನನ್ನ ನಾಲಿಗೆ ಬೀಳಲಿ!”

ಡಾಕ್ಟರು ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಹುಟ್ಟಿದಾಗಿನಿಂದ ಆಡಿದ ಮಾತನ್ನು ಅವರು ಹಾಗೆ ಕೇಳಿಸಿಕೊಂಡಿರಲೇ ಇಲ್ಲವಂತೆ. ಆಮೇಲೆ ಇಬ್ಬರೂ ಸೇರಿ ಒಂದು ರಾಜಿಗೆ ಬಂದೆವು: ‘ಆಸ್ತಾ ಮಾನ್ಯಾನ’, ನಾಳೆವರೆಗೆ. ಹೋಗುತ್ತೇನೆ ಅಂದಂತೆಯೂ ಅಲ್ಲ, ಈಗಲೇ ಬರುತ್ತೇನೆ ಅಂದಂತೆಯೂ ಅಲ್ಲ. ಅವತ್ತು ಸಂಜೆ ಹಾಗೆಂದು ಹೊರಟೆ. ಕಾರ್ಮೆನ್ ಒಂದು ಗಳಿಗೆ ಬಾಗಿಲು ನೋಡಿ, ನಿಟ್ಟುಸಿರು ಬಿಟ್ಟು, ಮುನಿಯಮ್ಮನ ಕಡೆಗೆ ಬಾಯಿ ತೆರೆದರಂತೆ. ನಳಿಕೆಯ ಮಾತು ಅಲ್ಲಿಗೆ ನಿಂತಿತು.

ಇಷ್ಟಾದರೂ ಅವರು ರೋಗಿಯ ಹಾಗೇ ಇದ್ದರು. ನೋವಿದೆಯಾ ಎಂದರೆ ಇಲ್ಲ. ಸಾಕಾ ಎಂದರೆ ಸಾಕು. ಆ ದೇಶದಲ್ಲೂ ಒಂದು ಹೂಂ ಇದೆ, ಅಲ್ಲಿ ಅದನ್ನು ‘ಸಿ’ ಅನ್ನುತ್ತಾರೆ. ಏನು ಕೇಳಿದರೂ ಸಿ, ಸಿ. ಡಾಕ್ಟರು ಕಲಿಸಿದ ವಾಕ್ಯಗಳಲ್ಲಿ ಎಲ್ಲವೂ ಅಪ್ಪಣೆ ಇಲ್ಲವೇ ಪ್ರಶ್ನೆ. ಅದರಲ್ಲಿ ರೋಗಿ ಹೇಳುವುದಕ್ಕೆ ಏನೂ ಜಾಗವಿರಲಿಲ್ಲ.

ಅದು ಬದಲಾದದ್ದು ಹಾಸಿಗೆಯ ಮೂಲೆಯಿಂದ. ಒಂದು ಬೆಳಿಗ್ಗೆ ಅವಸರದಲ್ಲಿ ಅವರ ಹೊದಿಕೆಯ ಮೂಲೆಯನ್ನು ಸುಮ್ಮನೆ ತುರುಕಿ ಹೊರಟೆ. ಹಿಂದಿನಿಂದ ಒಂದು ಶಬ್ದ ಚಾಟಿಯ ಹಾಗೆ ಬಂತು. ‘ತೋರ್ಪೆ!’ ಆ ಶಬ್ದ ಗೊತ್ತಿಲ್ಲದಿದ್ದರೂ ಆ ದನಿ ಗೊತ್ತಿತ್ತು. ಎಡಗೈಯಿಂದ ಹೊದಿಕೆ ಕಿತ್ತಿದ್ದರು. ಮತ್ತೆ ಮಡಿಸಿದೆ. ಮತ್ತೆ ಕಿತ್ತರು. ಮೂರನೆಯ ಸಲ ನನಗೂ ರೇಗಿತು. ನಲ್ಲಿಯ ಹತ್ತಿರ ಓಡಿ, “ಡಾಕ್ಟರ್, ತೋರ್ಪೆ ಅಂದ್ರೇನು?” ಎಂದೆ.

“ಕೈಲಾಗ್ದೋಳು.”

“ಹಟಮಾರಿ ಅನ್ನೋಕೆ?”

“ತೇರ್ಕಾ. ಯಾಕೆ?”

ನಾನು ಉತ್ತರ ಹೇಳಲು ನಿಲ್ಲಲಿಲ್ಲ. ವಾರ್ಡಿಗೆ ಓಡಿಬಂದು, ಸೊಂಟಕ್ಕೆ ಕೈಕೊಟ್ಟು, ನನ್ನ ಗುರುವಿನ ಮುಖಕ್ಕೆ, ‘ತೇರ್ಕಾ!’ ಎಂದೆ. ಕಾರ್ಮೆನ್ ಬಿಟ್ಟಕಣ್ಣು ಬಿಟ್ಟರು. ಅರ್ಧ ಮುಖ ಮಾತ್ರ ನಕ್ಕಿತು, ಉಳಿದರ್ಧಕ್ಕೆ ಆಗುತ್ತಿರಲಿಲ್ಲ. ಆದರೆ ಆ ಅರ್ಧದಲ್ಲಿ ಪೂರ್ತಿ ನಗುವಿತ್ತು.

ಅಲ್ಲಿಂದ ನಮಗೆ ದಿನವೂ ಜಗಳ. ಅವರು ಬೈಯುವರು, ನಾನು ಶಬ್ದ ಹಿಡಿದುಕೊಂಡು ನಲ್ಲಿಗೆ ಓಡಿ ಅರ್ಥ ತಿಳಿದುಕೊಂಡು ಬಂದು ಎದುರು ಉತ್ತರ ಕೊಡುವೆ. ಕಿಟಕಿ ತೆಗೆದದ್ದು ಜಾಸ್ತಿ, ಗಂಜಿಗೆ ಉಪ್ಪು ಕಮ್ಮಿ, ನನ್ನ ತಲೆಯ ಕೊಬ್ಬರಿ ಎಣ್ಣೆ ವಾಸನೆ, ದಿಂಬು ಇಟ್ಟದ್ದು ಸೊಟ್ಟ. ಉಚ್ಚಾರ ತಪ್ಪಿದರೆ ಬೈಗುಳದ ಮಧ್ಯೆ ನಿಲ್ಲಿಸಿ ತಿದ್ದುವರು. ಸರಿಯಾಗಿ ಹೇಳಿಸಿ, ಆಮೇಲೆ ಬೈಗುಳ ಮುಂದುವರಿಸುವರು. ಹೀಗೆ ಬೈಸಿಕೊಂಡೇ ನನಗೆ ನೋವು, ಉರಿ, ಚಳಿ, ಭಯ, ಬೇಸರ ಎಲ್ಲದರ ಹೆಸರೂ ಬಂತು. ಸಿ ಅನ್ನುವುದು ಕಮ್ಮಿಯಾಗಿ, ಎಡಗಡೆ ಬೆನ್ನ ಕೆಳಗೆ ಉರಿಯುತ್ತದೆ ಎಂದು ತಾವಾಗಿ ಹೇಳಿದರು. ನೋಡಿದರೆ ಅಲ್ಲಿ ಹಾಸಿಗೆ ಹುಣ್ಣು ಶುರುವಾಗುವುದರಲ್ಲಿತ್ತು. ಸರಿಯಾದ ಹೊತ್ತಿಗೆ ಸಿಕ್ಕಿತು.

ಮುನಿಯಮ್ಮ ಪೊರಕೆ ಹಿಡಿದು ನಿಂತು ನೋಡುವಳು. “ಅವ್ರ್ ಬೈತಾರೆ, ನೀನೂ ಬೈತೀಯ. ಈ ಮಂಚಕ್ಕೆ ಅತ್ತೆ-ಸೊಸೆ ಸಿಕ್ಕಂಗಾಯ್ತು ಕಣವ್ವ.”

ಕೂದಲು ಬಾಚುತ್ತಿದ್ದ ಒಂದು ಮಧ್ಯಾಹ್ನ ಕಾರ್ಮೆನ್ ಜಗಳದ ದನಿ ಬಿಟ್ಟು ಮೆಲ್ಲಗೆ ಮಾತಾಡಿದರು. ಬೊಂಬಾಯಿಯ ವಿಷಯ ಅವರಿಗೆ ತಿಳಿದಿತ್ತು. ನನಗೆ ಅರ್ಥವಾಗಲೆಂದು ಒಂದೊಂದೇ ಶಬ್ದ ಇಟ್ಟು ಹೇಳಿದರು: “ಅಲ್ಲಿ ನಾನು ನೆಂಟಳು. ಇಲ್ಲಿ ನಾನು ಕಾಟ.” ಎಡಗೈಯಿಂದ ನನ್ನ ಬಾಚಣಿಗೆ ಹಿಡಿದು, “ನನಗೆ ಕಾಟವಾಗೇ ಇರ್ಬೇಕು” ಎಂದರು.

ನಾನು ನೇರ ಡಾಕ್ಟರ ಹತ್ತಿರ ಹೋದೆ. “ಅವರಿಗೆ ಹೋಗೋಕೆ ಇಷ್ಟ ಇಲ್ಲ, ಡಾಕ್ಟರ್. ಮದರ್ ಬಂದಾಗ ಇಲ್ಲ ಅಂದ್ಬಿಟ್ರೆ ಸರಿಹೋಯ್ತಲ್ಲ?”

ಡಾಕ್ಟರು ತಲೆಯಾಡಿಸಿದರು. “ನಮ್ಮಲ್ಲಿ ದೊಡ್ಡೋರ್ ಕೇಳಿದ್ರೆ ಇಲ್ಲ ಅನ್ನಂಗಿಲ್ಲ ವಿಶಾಲು. ಸಿಸ್ಟರ್ ಆಗೋವಾಗ್ಲೇ ಆಣೆ ಮಾಡಿರ್ತೀವಿ. ಮದರ್ ಬಾ ಅಂದ್ರೆ ಕಾರ್ಮೆನ್ ಹೂಂ ಅಂತಾರೆ. ಅವ್ರಿಗೆ ಇಷ್ಟ ಇಲ್ಲ ಅಂತ ನಾನು ಯೋಳುದ್ರೂ ಅದು ಎದುರಾಡ್ದಂಗೆ.”

“ನಾನು ಆಣೆ ಮಾಡಿಲ್ಲ.”

“ಅದ್ನೇ ನಾನೂ ಯೋಚ್ನೆ ಮಾಡ್ತಿದ್ದೆ,” ಎಂದು ಡಾಕ್ಟರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದರು.

ಮದರ್ ಬಂದರು. ನಾನು ರಾಕ್ಷಸಿಯನ್ನು ಕಲ್ಪಿಸಿಕೊಂಡಿದ್ದೆ. ಬಂದವರು ದಪ್ಪ ಕನ್ನಡಕದ, ಪ್ರಯಾಣದಿಂದ ಕಾಲು ಊದಿದ್ದ, ಸುಸ್ತಾದ ಹೆಂಗಸು. ಕಾರ್ಮೆನ್‌ರ ಮಂಚದ ಪಕ್ಕ ಕುಳಿತು ಅವರ ಬಿದ್ದುಹೋದ ಬಲಗೈಯನ್ನೇ ಎತ್ತಿ ತಮ್ಮ ಕೆನ್ನೆಗಿಟ್ಟುಕೊಂಡರು. ಇಬ್ಬರೂ ಹುಡುಗಿಯರಾಗಿದ್ದಾಗ ಒಟ್ಟಿಗೆ ಇದ್ದವರಂತೆ. ಕರೆದುಕೊಂಡು ಹೋಗಬೇಕೆನ್ನುವುದು ಅಧಿಕಾರ ಅಲ್ಲ, ಮಮತೆ ಎಂದು ಅಲ್ಲೇ ತಿಳಿಯಿತು. ನನ್ನ ಕೆಲಸ ಇನ್ನೂ ಕಷ್ಟವಾಯಿತು.

ನಾನು ಗಂಜಿ ಬಟ್ಟಲು ಹಿಡಿದು ನಿಂತಿದ್ದೆ. ಡಾಕ್ಟರು ಮಂಚದ ಕಾಲಿನ ಹತ್ತಿರ. ಮುನಿಯಮ್ಮ ಬಾಗಿಲಲ್ಲಿ, ಸೆರಗು ಬಾಯಿಗೆ. ಮದರ್ ನಿಧಾನವಾಗಿ ಮಾತಾಡುತ್ತಿದ್ದರು, ಹಾಗಾಗಿ ಎಲ್ಲವೂ ನನಗೆ ತಿಳಿಯುತ್ತಿತ್ತು.

“ಚೆನ್ನಾಗಿ ನೋಡ್ಕೋತಾರಾ?”

“ಸಿ, ಮಾದ್ರೆ.”

“ನೋವಿದೆಯಾ?”

“ನೋ, ಮಾದ್ರೆ.” ಆ 'ನೋ' ಸುಳ್ಳು. ಬೆಳಿಗ್ಗೆ ಭುಜ ಮುಟ್ಟಿದ್ದಕ್ಕೆ ನನ್ನ ಏಳು ತಲೆಮಾರನ್ನು ಬೈದಿದ್ದರು.

“ನನ್ನ ಜೊತೆ ಬೊಂಬಾಯಿಗೆ ಬರ್ತೀರಾ ಕಾರ್ಮೆನ್? ಟಿಕೆಟ್ ತೆಗೆಸಿದ್ದೀನಿ.”

ಕಾರ್ಮೆನ್ ಕಣ್ಣು ಮುಚ್ಚಿದರು. ತೆರೆದರು. “ಸಿ, ಮಾದ್ರೆ.”

ಮದರ್ ಸಮಾಧಾನದಿಂದ ಅವರ ಕೈ ತಟ್ಟಿ ಡಾಕ್ಟರ ಕಡೆ ನೋಡಿದರು. ಡಾಕ್ಟರು ನೆಲ ನೋಡಿದರು. ನಾನು ಮಾತಾಡಬೇಕಾದ ಹೊತ್ತು ಅದೇ. ವಾರಗಟ್ಟಲೆ ರುಬ್ಬುವ ಕಲ್ಲಿನ ಮುಂದೆ ಹೇಳಿಕೊಂಡಿದ್ದ ವಾಕ್ಯ ಗಂಟಲಿನಲ್ಲಿ ಇತ್ತು. ಬಾಯಿಗೆ ಬರಲಿಲ್ಲ. ಅಷ್ಟು ದೊಡ್ಡವರು, ಅಷ್ಟು ದೂರದಿಂದ, ಅಷ್ಟು ಪ್ರೀತಿಯಿಂದ ಬಂದವರ ಮುಂದೆ ಇನ್ನೂ ಮೂವತ್ತು ತುಂಬದ ಬಸವನಗುಡಿಯ ಹುಡುಗಿ ‘ಇಲ್ಲ’ ಅನ್ನುವುದು ಹೇಗೆ? ನಾವೂ ಆ ಪಾಠ ಕಲಿತಿಲ್ಲವಲ್ಲ. ಬಟ್ಟಲಿನ ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು.

ಆಗ ಕಾರ್ಮೆನ್ ಮದರ್ ಕಡೆ ನೋಡದೆ, ನನ್ನ ಕಡೆ ತಲೆ ತಿರುಗಿಸಿ ಹೇಳಿದರು:

“ದೀಸೆಲೊ, ವಿಶಾಲು.”

ಅವರಿಗೆ ಹೇಳು, ಎಂದು.

ಯೋಚಿಸಿ ನೋಡಿ, ಮಕ್ಕಳೇ. ಇಬ್ಬರೂ ಸ್ಪೇನಿನವರು, ಇಬ್ಬರಿಗೂ ತಾಯಿನುಡಿ ಒಂದೇ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಲು ಕೊಬ್ಬರಿ ಎಣ್ಣೆ ಹಚ್ಚಿದ ನಾನು ದುಭಾಷಿ.

ಬಟ್ಟಲನ್ನು ಮೇಜಿನ ಮೇಲಿಟ್ಟೆ. “ಮಾದ್ರೆ,” ಎಂದೆ, “ಅವರಿಗೆ ಹೋಗೋಕೆ ಇಷ್ಟ ಇಲ್ಲ. ಅವರಿಗೆ ಇಲ್ಲೇ ಇರ್ಬೇಕು.” ಸ್ಪ್ಯಾನಿಷಿನಲ್ಲೇ ಹೇಳಿದೆ, ಒಂದೊಂದು ಶಬ್ದವೂ ಕಲ್ಲು ಎತ್ತಿಟ್ಟ ಹಾಗೆ. ಇರುವುದಕ್ಕೆ ‘ಕೆದಾರ್’ ಎಂದಿದ್ದೆ.

ಮದರ್ ಕನ್ನಡಕ ತೆಗೆದರು. ನನ್ನನ್ನು ನೋಡಿದರು, ಡಾಕ್ಟರನ್ನು ನೋಡಿದರು, ಕೊನೆಗೆ ಕಾರ್ಮೆನ್‌ರ ಕಡೆ ಬಗ್ಗಿದರು. “ಈ ಹುಡುಗಿ ಹೇಳಿದ್ದು ಸರಿಯಾ?”

ಕಾರ್ಮೆನ್ ಸಿ ಅನ್ನಲಿಲ್ಲ, ನೋ ಅನ್ನಲಿಲ್ಲ. ಎಡಗೈಯಿಂದ ಹಾಸಿಗೆ ತಟ್ಟಿ, ಚೂಪು ಮೂಗನ್ನು ನನ್ನ ಕಡೆ ಎತ್ತಿ, “ಕೆದಾರ್ ಅಲ್ಲ. ಕೆದಾರ್ಸೆ” ಎಂದರು. “ಇನ್ನೊಂದ್ಸಲ ಹೇಳು. ಪೂರ್ತಿ.”

ನನ್ನ ಕಣ್ಣು ತುಂಬಿತ್ತು, ಏನೂ ಕಾಣುತ್ತಿರಲಿಲ್ಲ. ಆದರೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವರಿಗೆ ಹೋಗೋಕೆ ಇಷ್ಟ ಇಲ್ಲ. ಅವರಿಗೆ ಇಲ್ಲೇ ಇರ್ಬೇಕು. ಕೆದಾರ್ಸೆ.

ಮದರ್ ಕನ್ನಡಕವನ್ನು ಸೆರಗಿನಂತಿದ್ದ ತಮ್ಮ ಬಿಳಿ ಬಟ್ಟೆಯಲ್ಲಿ ಬಹಳ ಹೊತ್ತು ಒರೆಸಿದರು. ಹಾಕಿಕೊಂಡರು. ಡಾಕ್ಟರ ಕಡೆ ತಿರುಗಿ ಒಂದು ಟಿಕೆಟ್ ವಾಪಸ್ಸು ಮಾಡಿಸಿ ಎಂದರು. ಆಮೇಲೆ ಮೇಜಿನಿಂದ ಗಂಜಿ ಬಟ್ಟಲು ಎತ್ತಿಕೊಂಡು ನನ್ನನ್ನು ಕೇಳಿದರು:

“ಯಾವ ಕಡೆಯಿಂದ ಕುಡಿಸ್ಬೇಕು, ತೋರಿಸು.”